ಪರೇಲಿನ ಹಂಟರ್‌ವಾಲಿ

ನಾವೆಲ್ಲ ಮುಂಬಯಿಯ ಪರೇಲಿನ ಹೋಟೆಲಿಗೆ ಮಾಣಿಗಳಾಗಿ ಬಂದು ಸೇರುವ ಹೊತ್ತಿಗೆ ವಾಡಿಯಾ ಮೂವಿಟೋನ್ ಎಂಬ ಸಿನಿಮಾ ಸ್ಟುಡಿಯೋ ಅಲ್ಲಿಂದ ಎದ್ದುಹೋಗಿ ಎಷ್ಟೋ ಕಾಲವಾಗಿತ್ತು. ಆ ಜಾಗದಲ್ಲಿ 1942ರಿಂದ ಚಿತ್ರನಿರ್ದೇಶಕ ಶಾಂತಾರಾಮರ ರಾಜಕಮಲ್ ಕಲಾಮಂದಿರವಿತ್ತು. ನಮ್ಮ ಅಡುಗೆ ಭಟ್ರು ಮಾತ್ರ ಆ ಕಡೆ ಹೋದಾಗೆಲ್ಲ "ಇದು ನಾಡಿಯಾಳ ಸ್ಟುಡಿಯೋ ಮಾರಾಯಾ" ಅನ್ನುವುದನ್ನು ಬಿಡಲಿಲ್ಲ.

ರಾತ್ರಿಶಾಲೆ ಮುಗಿಸಿ ಬಂದು, ಉಂಡು, ಮೇಜು ಒರೆಸಿ ಚಾಪೆ ಬಿಡಿಸಿದರೆ ಭಟ್ರ ಸಿನಿಮಾ ಶುರು. ನಾಡಿಯಾ ನಾಯಕಿಯಾದ 1935ರ 'ಹಂಟರ್‌ವಾಲಿ' ಚಿತ್ರವನ್ನು ಅವರು ಕುಳಿತು ಹೇಳಿದ್ದೇ ಇಲ್ಲ. ಮುಖವಾಡ ತೊಟ್ಟ ರಾಜಕುಮಾರಿ ಕುದುರೆಯೇರಿ ಬರುವಲ್ಲಿ ಎದ್ದು ನಿಲ್ಲುತ್ತಿದ್ದರು; ಸೌಟೇ ಚಾಟಿ. ಅವರು ಹಾಕುವ 'ಹೇಯ್' ಕೂಗಿಗೆ ಮಾಳಿಗೆಯ ಮೇಲೆ ಮಲಗಿದ್ದವರೂ ಇಳಿದು ಬರುತ್ತಿದ್ದರು. ನಾಡಿಯಾಳ ಕುದುರೆಯ ಹೆಸರು 'ಪಂಜಾಬ್ ಕಾ ಬೇಟಾ', ಹಳೇ ಆಸ್ಟಿನ್ ಕಾರಿನ ಹೆಸರು 'ರೋಲ್ಸ್ ರಾಯ್ಸ್ ಕೀ ಬೇಟಿ' ಎಂಬುದೆಲ್ಲ ನಮಗೆ ಪಾಠಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಆಕೆಯ ನಿಜ ಹೆಸರು ಮೇರಿ ಎವಾನ್ಸ್. ಹುಟ್ಟಿದ್ದು 1908ರಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ತಂದೆ ಬ್ರಿಟಿಷ್ ಸೈನಿಕ, ತಾಯಿ ಗ್ರೀಕ್. ಎಳವೆಯಲ್ಲೇ ಮುಂಬಯಿಗೆ ಬಂದವಳು ಅಂಗಡಿಯಲ್ಲಿ ದುಡಿದು, ಸರ್ಕಸ್ಸಿನಲ್ಲಿ ತಿರುಗಿ, ವೇದಿಕೆಯಲ್ಲಿ ಕುಣಿದು ವಾಡಿಯಾ ಸೋದರರ ಕಣ್ಣಿಗೆ ಬಿದ್ದಳು. ಹೊಂಗೂದಲಿನ ನಾಯಕಿಯನ್ನು ನಂಬಿ 'ಹಂಟರ್‌ವಾಲಿ' ಕೊಳ್ಳಲು ಹಂಚಿಕೆದಾರರು ಹಿಂಜರಿದಾಗ ವಾಡಿಯಾಗಳೇ ಬಿಡುಗಡೆ ಮಾಡಬೇಕಾಯಿತು. ಚಿತ್ರ ವಾರಗಟ್ಟಲೆ ಓಡಿತು.

'ಹಂಟರ್‌ವಾಲಿ' ಬಂದ 1935ರಲ್ಲೇ ಲಂಡನ್ನಿನ ನಟಿ ಎಲ್ಸಾ ಲ್ಯಾಂಚೆಸ್ಟರ್ ಹಾಲಿವುಡ್ಡಿನಲ್ಲಿ ಫ್ರಾಂಕೆನ್‌ಸ್ಟೈನನ ಪೆಡಂಭೂತಕ್ಕೆ ಮದುಮಗಳಾಗಿ ಕಿರುಚಿದಳು. ಆಮೇಲಿನ ಭಯಾನಕ ಚಿತ್ರಗಳಲ್ಲೂ ಬ್ರಿಟನ್ನಿನ ಎಷ್ಟೋ ಒಳ್ಳೆಯ ನಟಿಯರ ಪಾಲಿಗೆ ಬಂದದ್ದು ಆ ಕಿರುಚಾಟವೇ. ಪರೇಲಿನಲ್ಲಿ ನಾಡಿಯಾ ಕಿರುಚಲಿಲ್ಲ, ಖಳರನ್ನು ಕಿರುಚಿಸಿದಳು. ಬಿಳಿಯರ ಆಳ್ವಿಕೆಯಲ್ಲೇ ಬಿಳಿ ಹುಡುಗಿಯೊಬ್ಬಳು ಬಡವರ ಪಕ್ಷ ನಿಂತು ದಬ್ಬಾಳಿಕೆಗಾರರನ್ನು ಎತ್ತಿ ಒಗೆಯುವುದೆಂದರೆ, ಗಿರಣಿಯ ಪಾಳಿ ಬಿಟ್ಟು ನೇರ ಟಾಕೀಸಿಗೆ ಬಂದವರಿಗೆ ಎಂಥ ಸಂತೋಷವಾಗಿರಬೇಡ! 1940ರ 'ಡೈಮಂಡ್ ಕ್ವೀನ್'ನಲ್ಲಿ ಹೆಣ್ಣುಮಕ್ಕಳ ಓದಿನ ಪರವಾಗಿಯೂ ಮಾತಾಡಿದಳು. 'ಜಂಗಲ್ ಪ್ರಿನ್ಸೆಸ್'ನಲ್ಲಿ ನಿಜವಾದ ಸಿಂಹಗಳ ನಡುವೆ ನಿಂತಳು. ಇಷ್ಟು ಧೈರ್ಯವನ್ನು 'ಸ್ಟಂಟ್ ಪಿಕ್ಚರ್' ಎಂದು ಪಕ್ಕಕ್ಕೆ ಸರಿಸಿದ್ದು ಅನ್ಯಾಯ ಎಂದೇ ನನಗನ್ನಿಸುತ್ತದೆ.

ಭಟ್ರು ಹೇಳಿದ ನಾಡಿಯಾಳನ್ನು ನಾವು ಪರದೆಯ ಮೇಲೆ ಮೊದಲು ಕಂಡದ್ದು 1968ರ 'ಖಿಲಾಡಿ'ಯಲ್ಲಿ, ಆಕೆಗೆ ಅರುವತ್ತಾದಾಗ. ಅಷ್ಟರಲ್ಲಿ, ತನ್ನ ಚಿತ್ರಗಳ ನಿರ್ದೇಶಕ ಹೋಮಿ ವಾಡಿಯಾರನ್ನು ಮದುವೆಯಾಗಿ ಏಳು ವರ್ಷವಾಗಿತ್ತು. ಆಕೆ ತೀರಿಕೊಂಡದ್ದು 1996ರ ಜನವರಿ 9ರಂದು, ಎಂಬತ್ತೆಂಟು ತುಂಬಿದ ಮರುದಿನ.

'ಹಂಟರ್‌ವಾಲಿ' ದೊಡ್ಡದೋ, ಓಡುವ ರೈಲಿನ ಛಾವಣಿಯ ಮೇಲೆ ಹೊಡೆದಾಡಿದ 1936ರ 'ಮಿಸ್ ಫ್ರಾಂಟಿಯರ್ ಮೇಲ್' ದೊಡ್ಡದೋ ಎಂಬ ಜಗಳ ಮಾತ್ರ ನಮ್ಮ ಚಾಪೆಗಳ ಮೇಲೆ ಮುಗಿದದ್ದೇ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಚಾಟಿಯ ಪಕ್ಷ. ನಾನು ಮೊದಲಿನಿಂದಲೂ ರೈಲಿನ ಪಕ್ಷ.