ತಪ್ಪು ಮಗಳದೋ, ಸೈಕಲ್ಲಿನದೋ?



ನಿಮ್ಮ ಮನೆಯ ಅಂಗಳದಲ್ಲಿ ಒಂದು ಸೈಕಲ್ ಹವಾ ಇಲ್ಲದೆ ನಿಂತಿದೆಯೇ? ಅದರ ಮೇಲೆ ಒದ್ದೆ ಬಟ್ಟೆ ಒಣಹಾಕುತ್ತಿದ್ದೀರಾ? ಹಾಗಿದ್ದರೆ ಈ ಮಾತು ನಿಮಗೇ. ಕೆಲವು ವಾರಗಳ ಕಾಲ ನಮ್ಮ ಮನೆಯಲ್ಲೂ ಅದೇ ನಡೆದಿತ್ತು.

ನಾನು ಓದಿದ್ದು ಮದರಸದಲ್ಲಿ. ಮದುವೆಯಾದ ಮೇಲೆ ಬಿ.ಎ. ಮುಗಿಸಿದೆ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಸೈಕಲ್ ಬಗ್ಗೆ ಬರೆಯಲು ಇವಳಿಗೇನು ಅರ್ಹತೆ ಎಂದು ನೀವು ಕೇಳಬಹುದು. ತಪ್ಪು ಸೈಕಲ್ ಕೊಂಡು, ಅದರ ಬೆಲೆಯನ್ನು ಮಗಳಿಂದ ತೆರಿಸಿದ ತಾಯಿ ನಾನು. ಅದೇ ನನ್ನ ಅರ್ಹತೆ.

ನಮ್ಮದು ಟಿಕೋಟಾ ಬಳಿಯ ಹಳ್ಳಿ. ಮಗಳ ಹೈಸ್ಕೂಲು ನಾಲ್ಕು ಕಿಲೋಮೀಟರ್ ದೂರ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ನಾನು ಹೊಸ ಶಿಕ್ಷಕಿ. ಏಳನೆಯ ತರಗತಿಗೇ ಓದು ನಿಲ್ಲುತ್ತಿದ್ದ ಎಷ್ಟೋ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತಿತು. ಹೀಗಾಗಿ ನನ್ನ ಮಗಳ ಸರದಿ ಬಂದಾಗ ಸೈಕಲ್ ಆರಿಸುವ ಹೊಣೆ ನಮ್ಮ ಮೇಲೇ ಬಿತ್ತು.

ನಾವು ಮಾಡಿದ್ದೇನು? ವಿಜಯಪುರಕ್ಕೆ ಹೋಗಿ, ಅಂಗಡಿಯಲ್ಲಿ ಎಲ್ಲಕ್ಕಿಂತ ಚಂದ ಕಂಡ ಸೈಕಲ್ ತಂದೆವು. ದಪ್ಪ ಟಯರು, ಗೇರು, ನಡುವೆ ಅಡ್ಡ ಪೈಪು. ಚೈನಿಗೆ ಕವರ್ ಇರಲಿಲ್ಲ, ಮಡ್‌ಗಾರ್ಡೂ ಇರಲಿಲ್ಲ. "ಬೆಳೆಯುವ ಹುಡುಗಿ, ಸ್ವಲ್ಪ ದೊಡ್ಡದೇ ಇರಲಿ, ಮೂರು ವರ್ಷ ಬರುತ್ತದೆ" ಎಂದು ನಾನೇ ಹೇಳಿದೆ. ಬಟ್ಟೆ ಹೊಲಿಸುವಾಗ ಹೇಳುವ ಮಾತನ್ನು ಸೈಕಲ್ಲಿಗೂ ಹೇಳಿಬಿಟ್ಟೆ.

ಮೂರನೆಯ ವಾರ ಮಗಳ ಬುರ್ಖಾದ ಅಂಚು ಹಿಂದಿನ ಗಾಲಿಗೆ ಸಿಕ್ಕಿತು. ಕಾಲು ನೆಲಕ್ಕೆ ಎಟುಕಲಿಲ್ಲ. ಮೊಣಕಾಲು ಒಡೆದುಕೊಂಡು, ಮುಂದಿನ ಹಲ್ಲಿನ ಚೂರು ಮುರಿದುಕೊಂಡು ಮನೆಗೆ ಬಂದಳು. ನಾನು ಮೊದಲು ಆಡಿದ ಮಾತೇನು ಗೊತ್ತೇ? "ನೋಡಿಕೊಂಡು ಓಡಿಸಬಾರದೇ?" ನಮ್ಮ ಅತ್ತೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಸೈಕಲ್ಲೂ ಸಾಕು, ದೂರದ ಶಾಲೆಯೂ ಸಾಕು" ಎಂದರು. ಅಂದಿನಿಂದ ಅವಳ ಅಬ್ಬಾ ಬಿಡುವಾಗಿದ್ದ ದಿನ ಮಾತ್ರ ಶಾಲೆ. ಆ ತಿಂಗಳು ಹಾಜರಿ ಪುಸ್ತಕದಲ್ಲಿ ಒಂಬತ್ತು ಗೈರುಹಾಜರಿ. ಒಂದು ರಾತ್ರಿ ಮಗಳು, "ಅಮ್ಮಿ, ನಾನು ಬಿದ್ದದ್ದಕ್ಕೆ ಶಾಲೆ ಬಿಡಬೇಕಾ?" ಎಂದು ಕೇಳಿದಳು. ಊರಿನ ಮಕ್ಕಳಿಗೆಲ್ಲ ಓದಿ ಓದಿ ಎನ್ನುವ ನನ್ನ ಬಳಿ ಉತ್ತರವಿರಲಿಲ್ಲ.

ಮರುದಿನ ಸೈಕಲ್ ತಳ್ಳಿಕೊಂಡು ಬಸ್ ನಿಲ್ದಾಣದ ಬಳಿ ಕೂರುವ ರಿಪೇರಿ ಕಾಕಾನ ಹತ್ತಿರ ಹೋದೆ. ಅವರು ಸೈಕಲ್ ನೋಡಿದರು, ಮಗಳನ್ನು ನೋಡಿದರು. "ಅಕ್ಕೋರ, ಹುಡುಗೀದು ತಪ್ಪಿಲ್ರಿ. ಈ ಗಾಡೀನ ಆಕೀದಲ್ಲ" ಎಂದರು.

ಅಂದು ಕಾಕಾ ಹೇಳಿದ್ದನ್ನೂ ಆಮೇಲೆ ನಾನು ಕಲಿತದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಫ್ರೇಮು. ಅಂಗಡಿಯವರು 26 ಇಂಚು ಎನ್ನುವುದು ಗಾಲಿಯ ಅಳತೆ, ಫ್ರೇಮಿನದಲ್ಲ. ಪೆಡಲಿನ ಅಚ್ಚಿನ ನಡುವಿನಿಂದ ಸೀಟಿನ ಪೈಪು ಮುಗಿಯುವವರೆಗಿನ ಉದ್ದವೇ ಫ್ರೇಮಿನ ಅಳತೆ. ಒಂದೇ ಗಾಲಿಗೆ ಬೇರೆ ಬೇರೆ ಅಳತೆಯ ಫ್ರೇಮು ಬರುತ್ತದೆ. ಆದ್ದರಿಂದ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಕೂರಿಸಿ ನೋಡಿ. ಕಲಿಯುವವರಿಗೆ ಸೀಟು ತಗ್ಗಿಸಿದಾಗ ಎರಡೂ ಪಾದ ನೆಲ ಮುಟ್ಟಬೇಕು. ಓಡಿಸಲು ಬಂದ ಮೇಲೆ ಬೆರಳ ತುದಿ ಎಟುಕಿದರೆ ಸಾಕು. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಬುರ್ಖಾ, ಸೀರೆ, ಲಂಗ ತೊಡುವವರಿಗೆ ಅಡ್ಡ ಪೈಪು ಇಲ್ಲದ, ನಡುವೆ ತಗ್ಗಿರುವ ಲೇಡೀಸ್ ಫ್ರೇಮೇ ಸರಿ. ಚೈನನ್ನು ಪೂರ್ತಿ ಮುಚ್ಚುವ ಕವರು, ಹಿಂದಿನ ಗಾಲಿಯ ಎರಡೂ ಬದಿಗೆ ಬಟ್ಟೆ ತಡೆಯುವ ಜಾಲರಿ ಇವನ್ನು ಅಲಂಕಾರ ಎಂದುಕೊಳ್ಳಬೇಡಿ. ನನ್ನ ಮಗಳ ಹಲ್ಲು ಉಳಿಯುತ್ತಿದ್ದುದು ಆ ಜಾಲರಿಯಿಂದ.

ನನ್ನ ಅಕ್ಕನ ಮನೆಯಲ್ಲಿ ಒಂದು ಹಳೆಯ ಲೇಡೀಸ್ ಸೈಕಲ್ ಬಿದ್ದಿತ್ತು. ಅದನ್ನು ತಂದೆವು. ಟಯರುಗಳ ಬದಿ ಬಿರುಕು ಬಿಟ್ಟಿತ್ತು. ಇಲ್ಲಿ ನನ್ನ ಎರಡನೆಯ ತಪ್ಪು ನಡೆಯಿತು. ಹಳೆಯ ಟಯರಿನ ಮೇಲೆ 26×1⅜ ಎಂದಿತ್ತು. "26 ಇಂಚಿನ ಎರಡು ಟಯರು ತನ್ನಿ" ಎಂದು ಮನೆಯವರಿಗೆ ಹೇಳಿದೆ. ಅವರು ತಂದದ್ದು 26×1.95. ಎರಡು ಗಂಟೆ ಹೆಣಗಾಡಿದರೂ ಟಯರು ರಿಮ್ಮಿನ ಮೇಲೆ ಕೂರಲಿಲ್ಲ. ಸ್ಪ್ಯಾನರ್ ಹಾಕಿ ಎಳೆದು ಹೊಸ ಟ್ಯೂಬನ್ನೂ ಹರಿದರು.

ಕಾಕಾ ನಕ್ಕು, ಟಯರಿನ ಬದಿಯ ಸಣ್ಣ ಅಂಕೆಗಳನ್ನು ತೋರಿಸಿದರು. ಹಳೆಯದರ ಮೇಲೆ 37-590, ಹೊಸದರ ಮೇಲೆ 50-559. ಮೊದಲ ಸಂಖ್ಯೆ ಟಯರಿನ ದಪ್ಪ, ಎರಡನೆಯದು ಅದು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎಲ್ಲವೂ ಮಿಲಿಮೀಟರಿನಲ್ಲಿ. ಎರಡಕ್ಕೂ 31 ಮಿ.ಮೀ. ವ್ಯತ್ಯಾಸ. ಅದು ಹೇಗೆ ಕೂರಬೇಕು? ಮಕ್ಕಳಿಗೆ 1⅜ ಅಂದರೆ 1.375 ಎಂದು ನಾನೇ ಎಷ್ಟು ಸಲ ಹಲಗೆಯ ಮೇಲೆ ಬರೆದಿಲ್ಲ! ಆದರೆ ಟಯರಿನ ಲೋಕದಲ್ಲಿ ಭಿನ್ನರಾಶಿಯ 26 ಬೇರೆ, ದಶಮಾಂಶದ 26 ಬೇರೆ. ಗಂಡಸರ ಹಳೆಯ ಕರಿ ಸೈಕಲ್ಲಿನ 28×1½ ಗಾಲಿಗೆ 635. ಸಹೋದರಿಯರೇ, ಟಯರು ತರಿಸುವಾಗ ಇಂಚು ಹೇಳಬೇಡಿ. ಹಳೆಯ ಟಯರಿನ ಮೇಲಿನ ಮೂರಂಕಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಿ.

ದಪ್ಪ ಟಯರು ಒಳ್ಳೆಯದೋ, ಸಪೂರವೋ? ಡಾಂಬರು ರಸ್ತೆಗೆ 37 ಮಿ.ಮೀ. ಸಾಕು, ತುಳಿಯಲು ಹಗುರ. ಹೊಲದ ದಾರಿ, ಕಲ್ಲುದಾರಿ ಹೆಚ್ಚಿದ್ದರೆ ದಪ್ಪ ಟಯರಿನ ಸೈಕಲ್ ಆರಿಸಿ. ಆದರೆ ನಮ್ಮ ಎರೆಮಣ್ಣು ಮರೆಯಬೇಡಿ. ಮಳೆ ಬಿದ್ದರೆ ಅದು ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಲಿಯನ್ನೇ ನಿಲ್ಲಿಸುತ್ತದೆ. ಅಲ್ಲಿ ಒಂದು ಬೆರಳು ಆಡುವಷ್ಟಾದರೂ ಜಾಗವಿರಲಿ. ಜಾಲಿ ಮುಳ್ಳಿನ ಪಂಕ್ಚರ್ ನಮಗೆ ಹೊಸದೇನಲ್ಲ. ಹೊಸ ಟ್ಯೂಬು ಹಾಕುವ ಮುಂಚೆ ಟಯರಿನ ಒಳಗೆ ಬಟ್ಟೆ ಹಿಡಿದು ಸವರಿ ನೋಡಿ. ಹಳೆಯ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಅಂದೇ ಹೋಗುತ್ತದೆ. ಪಂಕ್ಚರ್ ಇಲ್ಲದೆಯೂ ಹವಾ ಇಳಿಯುತ್ತಿದ್ದರೆ ವಾಲ್ವಿನ ಒಳಗಿನ ಸಣ್ಣ ರಬ್ಬರ್ ನಳಿಗೆ ಬದಲಿಸಿ.

ಇನ್ನು ಗಾಲಿ. ನಮ್ಮ ಗೋಳಗುಮ್ಮಟವನ್ನು ನೋಡದವರಾರು? 1656ರಷ್ಟು ಹಳೆಯ ಆ ಭಾರಿ ಗುಮ್ಮಟವನ್ನು ಹೊತ್ತಿರುವುದು ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು. ಗಾಲಿಯ ಕಡ್ಡಿಗಳೂ ಹಾಗೆಯೇ ಒಂದನ್ನೊಂದು ಹಾಯ್ದು, ಭಾರವನ್ನು ಹಂಚಿಕೊಳ್ಳುತ್ತವೆ. 36 ಕಡ್ಡಿಗಳಲ್ಲಿ ಒಂದು ಮುರಿದರೆ ಅದರ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ. ಕೂಡಲೇ ಹಾಕಿಸದಿದ್ದರೆ ಗಾಲಿಗೆ ಬೆಂಡ್ ಬರುತ್ತದೆ. ತಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುವ ಅಕ್ಕಂದಿರ ಹಿಂದಿನ ಗಾಲಿಯೇ ಮೊದಲು ಹಾಳಾಗುವುದು. ರಿಮ್ಮು ಅಲ್ಯೂಮಿನಿಯಂನದಿದ್ದರೆ ಮಳೆಯಲ್ಲಿ ಬ್ರೇಕು ಚೆನ್ನಾಗಿ ಹಿಡಿಯುತ್ತದೆ. ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಜಾರುತ್ತದೆ, ಮುಂಚಿತವಾಗಿಯೇ ಹಿಡಿಯಲು ಮಕ್ಕಳಿಗೆ ಹೇಳಿಕೊಡಿ.

ಗೇರು ಬೇಕೇ? ನಮ್ಮ ಜಿಲ್ಲೆ ಸೈಕ್ಲಿಂಗ್ ಕ್ರೀಡಾಪಟುಗಳಿಗೆ ಹೆಸರಾದುದು, ಆ ಮಕ್ಕಳಿಗೆ ಗೇರು ಬೇಕು. ಹೆಚ್ಚು ಏರಿಲ್ಲದ ದಾರಿಯಲ್ಲಿ ಶಾಲೆಗೆ ಹೋಗುವವರಿಗೆ ಧೂಳು ತುಂಬುವ ಗೇರಿಗಿಂತ ಒಂದೇ ಫ್ರೀವೀಲು ಮೇಲು. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5 ಮೀಟರ್ ಹೋಗುತ್ತದೆ. ಆಷಾಢದ ಎದುರುಗಾಳಿಯಲ್ಲಿ ಮಗಳು ದಣಿಯುತ್ತಿದ್ದಳು. ಕಾಕಾ 20 ಹಲ್ಲಿನ ಫ್ರೀವೀಲು ಹಾಕಿದರು. ಒಂದು ಸುತ್ತಿಗೆ ನಾಲ್ಕೂವರೆ ಮೀಟರ್, ಆದರೆ ಕಾಲಿಗೆ ಹಗುರ.

ಹೊಸ ಸೈಕಲನ್ನು ನಷ್ಟಕ್ಕೇ ಮಾರಿದೆವು. ಹಳೆಯದು ಓಡುತ್ತಿದೆ. ಮಗಳು ಈಗ ಒಂಬತ್ತನೆಯ ತರಗತಿ. ಬುರ್ಖಾದ ಅಂಚನ್ನು ನಾನೇ ನಾಲ್ಕು ಬೆರಳು ಮೇಲಕ್ಕೆ ಹೊಲಿದುಕೊಟ್ಟಿದ್ದೇನೆ. ಮಗಳಲ್ಲಿ ಕ್ಷಮೆಯನ್ನೂ ಕೇಳಿದ್ದೇನೆ. ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ತಾಯಿ ಸಣ್ಣವಳಾಗುವುದಿಲ್ಲ.

ಹುಡುಗಿಯೊಬ್ಬಳು ಬಿದ್ದಾಗ ನಾವು ಎಷ್ಟು ಬೇಗ ಅವಳ ದಾರಿಯನ್ನೇ ಮುಚ್ಚಿಬಿಡುತ್ತೇವೆ! ಹುಡುಗ ಬಿದ್ದರೆ ಸೈಕಲ್ ರಿಪೇರಿಗೆ ಹೋಗುತ್ತದೆ, ಹುಡುಗಿ ಬಿದ್ದರೆ ಶಾಲೆ ನಿಲ್ಲುತ್ತದೆ. ಇದು ಯಾವ ನ್ಯಾಯ? ಮೊದಲು ಫ್ರೇಮು ನೋಡಿ, ಟಯರು ನೋಡಿ, ಗಾಲಿ ನೋಡಿ. ಆಮೇಲೆ ಮಗಳನ್ನು ಪ್ರಶ್ನಿಸಿ.

ಈ ರಜಾ ದಿನ ಆ ಒದ್ದೆ ಬಟ್ಟೆಗಳನ್ನು ಬೇರೆ ಹಗ್ಗಕ್ಕೆ ಹಾಕಿ, ಸೈಕಲ್ಲನ್ನು ಬೆಳಕಿಗೆ ತನ್ನಿ. ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆ ಕೇಳುವ ಮೊದಲ ಮಾತು ಅತ್ತೆಯವರದು: "ಹವಾ ನೋಡಿದೆಯೇನೇ? ಚೈನಿಗೆ ಎಣ್ಣೆ ಹಾಕಿದೆಯಾ?"