ಅಮೂರ್ತ ಚಿತ್ರವೂ ನಮ್ಮಪ್ಪನ ಕರಣೆಯೂ

“ಕುದುರೆ ಬರೆಯಲಾರದವನು ಅಮೂರ್ತ ಚಿತ್ರ ಬರೆದನಂತೆ” ಎಂಬುದೊಂದು ಗಾದೆ ನಮ್ಮ ಹಾಸ್ಟೆಲಿನಲ್ಲಿ ಬಳಕೆಯಲ್ಲಿದೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಹಿರಿಯ ಗಾದೆಗೆ ಇದು ತಮ್ಮನಾಗಬೇಕು. ವಯಸ್ಸಿನಲ್ಲಿ ಬಹಳ ಚಿಕ್ಕ ತಮ್ಮ. ಹುಟ್ಟಿ ಇನ್ನೂ ಎರಡೇ ವರ್ಷ. ಇದರ ಹುಟ್ಟಿಗೆ ನಾನೇ ಕಾರಣನೆಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುವುದು ಲೇಸು. ಕಾಲೇಜನ್ನು ಬಿಟ್ಟು ಹೋಗುವ ಮುನ್ನ ಆ ಗಾದೆಯ ಹಿಂದಿನ ಕಥೆಯನ್ನೂ ಮುಂದಿನ ಕಥೆಯನ್ನೂ ಗೆಳೆಯರ ಮುಂದಿಡಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದಾಗ ವಾರ್ಷಿಕೋತ್ಸವದ ಅಂಗವಾಗಿ ವಿದ್ಯಾರ್ಥಿಗಳ ಚಿತ್ರಪ್ರದರ್ಶನವೊಂದನ್ನು ಏರ್ಪಡಿಸಿದ್ದರು. ಹೈಸ್ಕೂಲಿನಲ್ಲಿ ಗಣಪತಿಯನ್ನೂ ಬಾವುಟವನ್ನೂ ಬರೆದು ಬಹುಮಾನ ಪಡೆದಿದ್ದ ನಾನು ಸುಮ್ಮನಿರುವುದುಂಟೆ? ರಾಣಾ ಪ್ರತಾಪನ ಕುದುರೆಯನ್ನು ಬರೆಯುವುದೆಂದು ನಿಶ್ಚಯಿಸಿದೆ. ಮೂರು ದಿನ ಕುಳಿತು ಬರೆದೆ. ನನ್ನ ಕೊಠಡಿಯ ಗೆಳೆಯ ಬಂದು ಬಹಳ ಹೊತ್ತು ನೋಡಿ, “ಎಮ್ಮೆ ಚೆನ್ನಾಗಿ ಬಂದಿದೆ” ಎಂದು ಮನಃಪೂರ್ವಕವಾಗಿ ಹೊಗಳಿದ. ಅಂದಿಗೆ ಕುದುರೆಯ ಕಥೆ ಮುಗಿಯಿತು.

ಮರುದಿನ ಲೈಬ್ರರಿಯಲ್ಲಿ ಯೂರೋಪಿನ ಕಲೆಯನ್ನು ಕುರಿತ ಒಂದು ಪುಸ್ತಕ ಕೈಗೆ ಸಿಕ್ಕಿತು. ಅದರಲ್ಲಿ ರಷ್ಯದ ಕ್ಯಾಂಡಿನ್‌ಸ್ಕಿಯ ಚಿತ್ರವೊಂದಿದ್ದಿತು. ಅದರಲ್ಲಿ ಕುದುರೆಯೂ ಇಲ್ಲ, ಎಮ್ಮೆಯೂ ಇಲ್ಲ. ಕೆಂಪು, ನೀಲಿ, ಹಳದಿಗಳು ಜಾತ್ರೆಯಲ್ಲಿ ಜನ ನುಗ್ಗಿದಂತೆ ಒಂದರ ಮೇಲೊಂದು ನುಗ್ಗಿದ್ದುವು. ನನಗಾದ ಸಂತೋಷವನ್ನು ಏನೆಂದು ಹೇಳಲಿ! ‘ಅಯ್ಯೋ, ಇದು ನನಗೂ ಬರುತ್ತದೆ!’ ಎಂದುಕೊಂಡು ಐದು ಶೀಷೆ ಪೋಸ್ಟರ್ ಬಣ್ಣ ಕೊಂಡುತಂದೆ. ಒಂದೇ ರಾತ್ರಿಯಲ್ಲಿ ಚಿತ್ರ ಸಿದ್ಧವಾಯಿತು. ಹೆಸರಿಡಲು ಮಾತ್ರ ಇನ್ನೊಂದು ರಾತ್ರಿ ಬೇಕಾಯಿತು. ಕಡೆಗೆ ‘ಅನಂತದ ಅಳಲು’ ಎಂದು ಹೆಸರಿಟ್ಟೆ.

ಪ್ರದರ್ಶನದ ದಿನ ನನ್ನ ಚಿತ್ರದ ಮುಂದೆ ಗುಂಪು ಸೇರಿತು. ಒಬ್ಬ ಅದರಲ್ಲಿ ಯುದ್ಧವನ್ನು ಕಂಡ. ಇನ್ನೊಬ್ಬ ಪರೀಕ್ಷೆಯನ್ನು ಕಂಡ. ಹಸಿದಿದ್ದ ಮತ್ತೊಬ್ಬ ಹಾಸ್ಟೆಲಿನ ಸಾಂಬಾರನ್ನು ಕಂಡ. ನಾನು ಎಲ್ಲರಿಗೂ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಆಗ ನಮ್ಮ ಇತಿಹಾಸದ ಅಧ್ಯಾಪಕರು ಬಂದರು. ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿ, ಮೃದುವಾಗಿ, “ಇದರಲ್ಲಿ ಏನನ್ನು ಬಿಟ್ಟಿದ್ದೀರಪ್ಪಾ?” ಎಂದು ಕೇಳಿದರು. ಏನನ್ನು ಬರೆದಿದ್ದೀರಿ ಎಂದು ಕೇಳಿದ್ದರೆ ನನ್ನಲ್ಲಿ ಹತ್ತು ಉತ್ತರಗಳು ಸಿದ್ಧವಾಗಿದ್ದುವು. ಏನನ್ನು ಬಿಟ್ಟಿದ್ದೀರಿ ಎಂಬುದಕ್ಕೆ ಒಂದೂ ಇರಲಿಲ್ಲ. ಅವರು ನಕ್ಕು ಮುಂದಕ್ಕೆ ಹೋದರು.

ಅದೇ ದಿನ ಮಧ್ಯಾಹ್ನ ನಮ್ಮಪ್ಪ ಬಂದರು. ನಮ್ಮಪ್ಪ ಗಾರೆ ಕೆಲಸದವರು. ಓದಿದ್ದು ಎರಡನೆಯ ತರಗತಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವರೂ ಅಲ್ಲಿಯವರೆಗೆ ಕಾಲೇಜುಗಳ ಗೋಡೆ ಕಟ್ಟಿದ್ದರೇ ಹೊರತು, ಕಟ್ಟಿ ಮುಗಿದ ಮೇಲೆ ಒಳಕ್ಕೆ ಬಂದವರಲ್ಲ. ಅಂದು ಊರಿನಲ್ಲಿ ಎಲ್ಲಿಯೋ ಕೆಲಸಕ್ಕೆ ಬಂದಿದ್ದವರು, ನನ್ನ ಪರೀಕ್ಷೆಯ ಫೀಜಿನ ಹಣ ಕೊಟ್ಟುಹೋಗಲೆಂದು ಬಿಡುವಿನ ವೇಳೆಯಲ್ಲಿ ಬಂದರು. ಕಾಲಿನಲ್ಲಿ ಸಿಮೆಂಟು ಒಣಗಿ ಬೂದಿ ಬಳಿದಂತೆ ಕಾಣುತ್ತಿದ್ದಿತು. ಹೆಗಲಿನ ಮೇಲೆ ಟವಲು. ಪ್ರದರ್ಶನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗುಡಿಯೊಳಕ್ಕೆ ಬರುವಂತೆ ಬಂದರು.

ನನ್ನ ಚಿತ್ರದ ಮುಂದೆ ನಿಂತರು. ‘ಇದೇನು’ ಎಂದು ಅವರು ಕೇಳಲಿಲ್ಲ. ಹತ್ತಿರಕ್ಕೆ ಬಾಗಿ, ಬೆರಳಿನಿಂದ ಮೆಲ್ಲಗೆ ಮುಟ್ಟಿ, “ಇದ್ಯಾಕೆ ಬಿರುಕು ಬಿಟ್ಟೈತೆ? ಕೆಳಗಿಂದು ಆರೋಕ್ಕೆ ಮುಂಚೇನೇ ಮೇಲಿಂದು ಬಳ್ದವ್ರೆ. ದಪ್ಪಾನೂ ಆಗೈತೆ. ನಿಲ್ಲಾಕಿಲ್ಲ ಇದು” ಎಂದರು. ಬಣ್ಣದ ಚೂರೊಂದು ಅವರ ಬೆರಳಿಗೆ ಬಂದಿದ್ದಿತು. ಸುತ್ತಲಿದ್ದವರು ನಕ್ಕರು. ಗುಂಪಿನಲ್ಲಿದ್ದ ಗೆಳೆಯನೊಬ್ಬ ನನ್ನನ್ನು, “ಯಾರೋ ಇವರು?” ಎಂದು ಕೇಳಿದ.

“ನಮ್ಮೂರಿನವರು” ಎಂದೆ.

ಅಪ್ಪ ಎರಡು ಮಾರಿನಷ್ಟು ದೂರದಲ್ಲಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ನಾನರಿಯೆ. ಇಂದಿನವರೆಗೂ ಕೇಳುವ ಧೈರ್ಯ ನನಗೆ ಬಂದಿಲ್ಲ. ಹೊರಗೆ ಬಂದು ಟವಲಿನ ಅಂಚಿನಲ್ಲಿ ಗಂಟು ಕಟ್ಟಿದ್ದ ಹಣವನ್ನು ಬಿಚ್ಚಿ ಕೊಟ್ಟರು. “ಹೊತ್ತಿಗೆ ಸರಿಯಾಗಿ ಉಣ್ಣು” ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ‘ಏನನ್ನು ಬಿಟ್ಟಿದ್ದೀರಪ್ಪಾ?’ ಎಂಬ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದಂತಾಯಿತು. ಅದು ಚಿತ್ರಕ್ಕೆ ಸಂಬಂಧಪಟ್ಟದ್ದಾಗಿರಲಿಲ್ಲ.

ಮರುದಿನ ಅಧ್ಯಾಪಕರ ಕೊಠಡಿಗೆ ಹೋಗಿ, “ಸಾರ್, ನನಗೆ ಚಿತ್ರ ಬರುವುದಿಲ್ಲ” ಎಂದು ಒಪ್ಪಿಕೊಂಡೆ. “ಒಳ್ಳೆಯದಾಯಿತು, ಇನ್ನು ಕಲಿಯಬಹುದು” ಎಂದರು. ‘ಅಬ್‌ಸ್ಟ್ರ್ಯಾಕ್ಟ್’ ಎಂಬ ಇಂಗ್ಲಿಷ್ ಶಬ್ದದ ಮೂಲ ಲ್ಯಾಟಿನ್ ಧಾತುವಿಗೆ ‘ಎಳೆದು ತೆಗೆ’ ಎಂಬ ಅರ್ಥವಿದೆಯೆಂದು ಅವರು ಅಂದು ತಿಳಿಸಿದರು. ತೆಗೆಯಬೇಕಾದರೆ ಮೊದಲು ಅಲ್ಲಿ ಒಂದು ವಸ್ತು ಇರಬೇಕಷ್ಟೆ! ಇಲ್ಲದುದರಿಂದ ಏನನ್ನು ತೆಗೆಯುವುದು? ನಾನು ಮಾಡಿದ್ದು ಖಾಲಿ ಚೀಲವನ್ನು ಕೊಡಹಿದ ಕೆಲಸ.

ಅವರು ಕೊಟ್ಟ ಪುಸ್ತಕದಲ್ಲಿ ಹಾಲೆಂಡಿನ ಪೀಟ್ ಮಾಂಡ್ರಿಯನ್ ಬರೆದ ಮರಗಳನ್ನು ನೋಡಿದೆ. 1908ರಲ್ಲಿ ಆರಂಭಿಸಿ 1910ರಲ್ಲಿ ಮುಗಿಸಿದ ಕೆಂಪು ಮರದ ಚಿತ್ರದಲ್ಲಿ ಮರ ಮರವಾಗಿಯೇ ಇದೆ. ನೀಲಿ ಸಂಜೆಯಲ್ಲಿ ಅದರ ಕೊಂಬೆಗಳು ಉರಿಯುವಂತಿವೆ. 1911ರ ಬೂದುಬಣ್ಣದ ಮರದಲ್ಲಿ ಬಣ್ಣ ಹೊರಟುಹೋಗಿದೆ. ಕೊಂಬೆಗಳು ಬಾಗಿದ ಗೆರೆಗಳಾಗಿವೆ. 1912ರ ಹೂಬಿಟ್ಟ ಸೇಬಿನ ಮರಕ್ಕೆ ಬಂದರೆ ಹೂವೂ ಇಲ್ಲ, ಸೇಬೂ ಇಲ್ಲ. ಗೆರೆಗಳು ಒಂದನ್ನೊಂದು ಹಿಡಿದು ತೂಗಿಕೊಂಡಿರುವ ಬಗೆ ಮಾತ್ರ ಉಳಿದಿದೆ. ಆದರೂ ಮರದ ಸತ್ತ್ವ ಎಲ್ಲಿಯೂ ಹೋಗಿಲ್ಲ. ನೇರ ಗೆರೆಗಳ ನಡುವೆ ಕೆಂಪು, ಹಳದಿ, ನೀಲಿಗಳನ್ನಿಟ್ಟು ಅವನು ಬರೆದ ಪ್ರಸಿದ್ಧ ಚಿತ್ರಗಳನ್ನು ನೋಡಿ, ‘ಸ್ಕೇಲು ಇದ್ದರೆ ಯಾರಾದರೂ ಬರೆಯಬಹುದು’ ಎನ್ನುವವರುಂಟು. ನಾನೂ ಹಾಗೆಯೇ ಎಂದಿದ್ದೆ. ಆ ನೇರ ಗೆರೆಗೆ ಬರುವ ಮುನ್ನ ಅವನು ಎಷ್ಟು ಕೊಂಬೆಗಳನ್ನು ಹತ್ತಿ ಇಳಿದಿದ್ದನೆಂಬುದು ಆಗ ನನಗೆ ತಿಳಿದಿರಲಿಲ್ಲ.

ಕ್ಯಾಂಡಿನ್‌ಸ್ಕಿಯ ಕಥೆ ಇನ್ನೂ ಸ್ವಾರಸ್ಯವಾದುದು. 1866ರಲ್ಲಿ ಹುಟ್ಟಿದ ಈತ ಓದಿದ್ದು ಕಾನೂನನ್ನು. ಮಾಸ್ಕೋದಲ್ಲಿ ನಡೆದ ಫ್ರೆಂಚ್ ಚಿತ್ರಗಳ ಪ್ರದರ್ಶನದಲ್ಲಿ ಮೋನೆಯ ಹುಲ್ಲುಬಣವೆಯ ಚಿತ್ರವನ್ನು ನೋಡಿ, ಅದು ಬಣವೆಯೆಂಬುದೇ ಈತನಿಗೆ ತಿಳಿಯಲಿಲ್ಲವಂತೆ! ಪಟ್ಟಿಯನ್ನು ನೋಡಿದ ಮೇಲೆ ತಿಳಿಯಿತಂತೆ. ನಮ್ಮೂರಿನಲ್ಲಾಗಿದ್ದರೆ ದನಕಾಯುವ ಹುಡುಗ ಹೇಳಿಬಿಡುತ್ತಿದ್ದ. ಆದರೆ ವಸ್ತು ತಿಳಿಯದಿದ್ದರೂ ಚಿತ್ರ ಮನಸ್ಸನ್ನು ಹಿಡಿದು ನಿಲ್ಲಿಸಿತಲ್ಲ ಎಂಬ ಆಶ್ಚರ್ಯ ಅವನನ್ನು ಬಿಡಲಿಲ್ಲ. 1896ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಕಾನೂನಿನ ಅಧ್ಯಾಪಕನಾಗುವ ಅವಕಾಶವನ್ನು ತೊರೆದು, ಚಿತ್ರ ಕಲಿಯಲು ಮ್ಯೂನಿಕ್ಕಿಗೆ ಹೋದನು. 1913ರಲ್ಲಿ ಅವನು ಬರೆದ ‘ಏಳನೆಯ ರಚನೆ’ ಎಂಬ ದೊಡ್ಡ ಚಿತ್ರವನ್ನು ನೋಡಿದರೆ ಬಣ್ಣದ ಡಬ್ಬಿಗಳು ಉರುಳಿಬಿದ್ದಂತೆಯೇ ಕಾಣುತ್ತದೆ. ಬಣ್ಣ ಹಚ್ಚಿದ್ದು ನಾಲ್ಕೇ ದಿನ. ಆದರೆ ಅದಕ್ಕಾಗಿ ಮೊದಲು ಮಾಡಿಕೊಂಡ ಕರಡುಗಳು ಮೂವತ್ತಕ್ಕೂ ಹೆಚ್ಚು! ನನ್ನ ‘ಅನಂತದ ಅಳಲಿ’ಗೆ ಕರಡು ಎಷ್ಟೆಂದು ವಾಚಕರು ಕೇಳಬಾರದಾಗಿ ಪ್ರಾರ್ಥನೆ.

ಜರ್ಮನಿಯ ಬೌಹೌಸ್ ಶಾಲೆಯಲ್ಲಿ 1921ರಿಂದ ಹತ್ತು ವರ್ಷ ಪಾಠ ಹೇಳಿದ ಪೌಲ್ ಕ್ಲೀ, ಗೆರೆಯೆಂಬುದು ಅಡ್ಡಾಡಲು ಹೊರಟ ಬಿಂದುವೆಂದು ವಿದ್ಯಾರ್ಥಿಗಳಿಗೆ ತಿಳಿಸುತ್ತಿದ್ದನು. ಆ ಮಾತನ್ನು ನಂಬಿ, ಒಂದು ತಿಂಗಳು ನೋಟುಬುಕ್ಕಿನಲ್ಲಿ ಬರಿಯ ಗೆರೆಗಳನ್ನೇ ಎಳೆದೆ. ಅರ್ಥಶಾಸ್ತ್ರದ ಟಿಪ್ಪಣಿಗಳಿಗೆ ಜಾಗವಿಲ್ಲದಂತಾಯಿತೆಂಬುದು ಬೇರೆ ಮಾತು.

ಕ್ಲೀಯ ಚಿತ್ರಗಳನ್ನು ಬಹಳವಾಗಿ ಮೆಚ್ಚಿದ್ದವರಲ್ಲಿ ನಮ್ಮ ದೇಶದ ವಾಸುದೇವ ಗಾಯತೊಂಡೆಯವರೂ ಒಬ್ಬರು. 1924ರಲ್ಲಿ ನಾಗಪುರದಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1948ರಲ್ಲಿ ಡಿಪ್ಲೊಮಾ ಪಡೆದವರು, 2001ರಲ್ಲಿ ತೀರಿಕೊಂಡರು. ಮೊದಮೊದಲು ಮನುಷ್ಯಾಕೃತಿಗಳನ್ನು ಬರೆದು, ಅನಂತರ ಅವನ್ನು ಬಿಟ್ಟರು. ಕುಂಚವನ್ನೂ ಬಹುಮಟ್ಟಿಗೆ ಬದಿಗಿಟ್ಟು, ರೋಲರಿನಿಂದ ಬಣ್ಣ ಹಾಸಿ, ಅಲಗಿನಿಂದ ಹೆರೆದು ತೆಗೆದು, ಪದರದ ಮೇಲೆ ಪದರವಿಟ್ಟು ಚಿತ್ರ ಮಾಡುತ್ತಿದ್ದರು. ಬಹಳ ದಿನ ಯೋಚಿಸಿ ಸ್ವಲ್ಪವೇ ಬರೆಯುವುದು ಅವರ ಕ್ರಮ. ಅವರು ಬಳಸುತ್ತಿದ್ದಂಥ ಅಲಗಿನ ಚಿತ್ರವನ್ನು ಮೊಬೈಲಿನಲ್ಲಿ ನೋಡಿದಾಗ ನಾನು ಬೆಚ್ಚಿದೆ. ಅದು ಸಾಕ್ಷಾತ್ ನಮ್ಮಪ್ಪನ ಕರಣೆಯ ಮರಿ! ರೋಲರಂತೂ ನಮ್ಮ ಮನೆಯ ಅಟ್ಟದ ಮೇಲೆ ಎರಡಿವೆ. ಪದರ ಆರುವವರೆಗೆ ಕಾಯಬೇಕೆಂಬ ಪಾಠವನ್ನು ಒಬ್ಬರು ನನಗೆ ಆಗಲೇ ಹೇಳಿದ್ದರು. ಅವರನ್ನೇ ನಾನು ‘ನಮ್ಮೂರಿನವರು’ ಎಂದಿದ್ದೆ.

ಕಳೆದ ಬೇಸಗೆ ರಜೆಯಲ್ಲಿ ಅಪ್ಪನ ಜೊತೆಗೆ ಕೆಲಸಕ್ಕೆ ಹೋದೆ. “ಓದೋ ಹುಡುಗನ ಕೈ ಒಡೀತದೆ, ಬ್ಯಾಡ” ಎಂದು ಅಮ್ಮ ಅಡ್ಡಿ ಮಾಡಿದಳು. ಅಪ್ಪ ಏನೂ ಹೇಳದೆ ಬಾಂಡ್ಲಿಯನ್ನು ನನ್ನ ಕೈಗೆ ಕೊಟ್ಟರು. ಹುಟ್ಟಿದಾಗಿನಿಂದ ನೋಡಿಯೂ ನೋಡದಿದ್ದ ಕೆಲಸವನ್ನು ಆಗ ನೋಡಿದೆ. ಗಿಲಾವು ಮಾಡುವ ಮುನ್ನ ಗೋಡೆಗೆ ನೀರು ಕುಡಿಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡುಬಿಡುತ್ತದೆ. ಗಾರೆಯನ್ನು ಕರಣೆಯಿಂದ ಬೀಸಿ ಎರಚಬೇಕು, ಹಚ್ಚಿದರೆ ಹಿಡಿಯದು. ಮಟ್ಟದ ಪಟ್ಟಿಯನ್ನು ಎಳೆದು ಹೆಚ್ಚಾದದ್ದನ್ನು ತೆಗೆಯಬೇಕು. ಆಮೇಲೆ ಉಜ್ಜಬೇಕು. ಮುಗಿದ ಮೇಲೂ ದಿನಕ್ಕೆರಡು ಬಾರಿಯಂತೆ ವಾರಗಟ್ಟಲೆ ನೀರು ಹಾಕಬೇಕು, ಆತುರಪಟ್ಟರೆ ಬಿರುಕು. “ಸಿಮೆಂಟು ಜಾಸ್ತಿ ಹಾಕಿದ್ರೆ ಗಟ್ಟಿ ಆಗ್ತದೆ ಅನ್ಕೋತಾರೆ. ಜಾಸ್ತಿ ಆದ್ರೂ ಒಡೀತದೆ ಮಗಾ” ಎಂದರು ಅಪ್ಪ. ದಿನವಿಡೀ ಎರಚುವುದಕ್ಕಿಂತ ತೆಗೆಯುವುದರಲ್ಲಿಯೇ ಅವರ ಕಣ್ಣು ಹೆಚ್ಚಾಗಿತ್ತು.

ಸಂಜೆ ಮನೆಗೆ ಬಂದು ಆ ಗೋಡೆಯನ್ನು ಬರೆಯುತ್ತಿದ್ದೆ. ಮೊದಲ ಕರಡುಗಳಲ್ಲಿ ಅಪ್ಪ, ಸಾರವೆ, ಬಾಂಡ್ಲಿ, ತೂಕದ ಗುಂಡು, ಅಮ್ಮ ಕಟ್ಟಿಕೊಟ್ಟ ಬುತ್ತಿ ಎಲ್ಲವೂ ಇದ್ದುವು. ಅಪ್ಪನ ಬೆನ್ನು ಮೊದಮೊದಲು ನನ್ನ ಹಳೆಯ ಕುದುರೆಯ ಬೆನ್ನಿನಂತೆಯೇ ಬರುತ್ತಿದ್ದಿತು. ಹನ್ನೆರಡನೆಯ ಕರಡಿಗೆ ಮನುಷ್ಯನ ಬೆನ್ನಾಯಿತು. ಆಮೇಲೆ ಒಂದೊಂದಾಗಿ ಬಿಡುತ್ತ ಬಂದೆ. ಬುತ್ತಿಯನ್ನು ಬಿಟ್ಟೆ; ಏನೂ ಕೆಡಲಿಲ್ಲ. ಬಾಂಡ್ಲಿಯನ್ನು ಬಿಟ್ಟೆ, ಚಿತ್ರ ಹಗುರವಾಯಿತು. ತೂಕದ ಗುಂಡಿನ ದಾರವನ್ನು ಬಿಟ್ಟಾಗ ಮಾತ್ರ ಇಡೀ ಚಿತ್ರ ಕುಸಿದುಬಿದ್ದಂತಾಯಿತು. ಮತ್ತೆ ಅದನ್ನು ತಂದಿಟ್ಟೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಟ್ಟರೆ ಕೆಡುತ್ತದೆ ಎಂಬ ವಿವೇಕ ಬಿಟ್ಟು ನೋಡಿದಾಗಲೇ ಬರುವುದೆಂದು ಕಾಣುತ್ತದೆ. ಅಪ್ಪನ ಆಕಾರವನ್ನು ಕಡೆಗೆ ಬಿಟ್ಟೆ. ಅದನ್ನು ಬಿಡಲು ಬಹಳ ದಿನ ಹಿಡಿಯಿತು. ಕೈ ಆಡಿದ ಕಮಾನಿನಂಥ ಗುರುತುಗಳು ಬಣ್ಣದಲ್ಲಿ ಉಳಿದುವು. ಅವರು ಅಲ್ಲಿಯೇ ಇದ್ದಾರೆಂದು ನನಗನ್ನಿಸಿತು.

ಕಡೆಯ ಚಿತ್ರವನ್ನು ಹಲಗೆಯ ಮೇಲೆ ಮಾಡಿದೆ. ಬಣ್ಣ, ಯಾರದೋ ಗೋಡೆಗೆ ಬಳಿದು ಉಳಿದಿದ್ದ ಡಿಸ್ಟೆಂಪರು. ಕುಂಚದ ಬದಲು ಅಪ್ಪನ ಹಳೆಯ ಸಣ್ಣ ಕರಣೆ. ತೆಳುವಾಗಿ ನಾಲ್ಕು ಪದರ; ಒಂದೊಂದಕ್ಕೂ ಒಂದೊಂದು ರಾತ್ರಿ ಆರಲು ಬಿಟ್ಟೆ. ಬೂದಿಯ ಮೇಲೆ ಬೂದಿ, ನಡುವೆ ಮೇಲಿನಿಂದ ಕೆಳಕ್ಕೆ ಒಂದು ಕೆಂಪು ಗೆರೆ. ಹೆಸರು ಹುಡುಕಲು ಈ ಬಾರಿ ರಾತ್ರಿ ಬೇಕಾಗಲಿಲ್ಲ. ‘ಗೋಡೆ’ ಎಂದು ಬರೆದೆ.

ಈ ವರ್ಷದ ಪ್ರದರ್ಶನಕ್ಕೆ ಅಪ್ಪನನ್ನು ನಾನೇ ಹೋಗಿ ಕರೆತಂದೆ. ಕುದುರೆಯ ಗಾದೆಯನ್ನು ಹೇಳಿಕೊಂಡು ಗೆಳೆಯರೂ ಬಂದರು. ಅಂದು ಕೇಳಿದ ಗೆಳೆಯನೇ ಅಪ್ಪನ ಮುಖ ನೋಡಿ, ಗುರುತು ಸಿಕ್ಕಿದವನಂತೆ, “ಇವರು ನಿಮ್ಮೂರಿನವರಲ್ಲವೆ?” ಎಂದ.

“ಹೌದು. ನಮ್ಮಪ್ಪ. ಈ ಗೋಡೆ ಇವರದು” ಎಂದೆ. ಗಂಟಲು ಸ್ವಲ್ಪ ಕಟ್ಟಿತು. ಗೆಳೆಯ ಒಂದು ಗಳಿಗೆ ನನ್ನನ್ನು ನೋಡಿ, ಅಪ್ಪನಿಗೆ ಕೈಮುಗಿದ. ಅಪ್ಪ ಟವಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ತಾವೂ ಕೈಮುಗಿದರು.

ಅಧ್ಯಾಪಕರೂ ಬಂದು ನಿಂತರು. ಈ ಸಲ ಅವರು ಪ್ರಶ್ನೆ ಕೇಳಲಿಲ್ಲ. ಅಪ್ಪ ಮಾತ್ರ ಬಹಳ ಹೊತ್ತು ನೋಡಿದರು. ಬೆರಳಿನಿಂದ ಮುಟ್ಟಿದರು. ಬೆರಳಿಗೆ ಏನೂ ಬರಲಿಲ್ಲ. ಆಮೇಲೆ ಒಂದು ಕಣ್ಣು ಮುಚ್ಚಿ, ಕೆಂಪು ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು, “ಚೆನ್ನಾಗಿ ಹಿಡ್ದೈತೆ. ಆದ್ರೆ ಗುಂಡು ಒಂದು ನೂಲು ಎಡಕ್ಕೆ ಹೋಗೈತೆ ಮಗಾ” ಎಂದರು.

ಅಳತೆಪಟ್ಟಿ ತಂದು ನೋಡಿದೆವು. ಅವರು ಹೇಳಿದ್ದು ಸರಿಯಾಗಿತ್ತು.