ಆಟಕ್ಕುಂಟು ಲೆಕ್ಕಕ್ಕಿಲ್ಲ

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ದೊಡ್ಡಪ್ಪ ಯಾವ ಕೆಲಸವನ್ನೂ ಮಾಡಿದವರಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲೂ ಜಗಲಿಯ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆಯ ಹರಳೆಣ್ಣೆ ಇಳಿದು ಗೋಡೆಯ ಮೇಲೆ ಕುಂಬಳಕಾಯಿ ಗಾತ್ರದ ಕಲೆಯಾಗಿತ್ತು. ಒಳಗೆ ಜಗಳ ಏರಿದರೆ ಒಂದು ಸಲ ಕೆಮ್ಮುತ್ತಿದ್ದರು, ಅಷ್ಟೆ. ಅಡುಗೆಮನೆಯ ಪಾತ್ರೆಗಳೂ ಸುಮ್ಮನಾಗುತ್ತಿದ್ದವು. "ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂದು ಚಿಕ್ಕಪ್ಪ ಬೆನ್ನ ಹಿಂದೆ ನಗುತ್ತಿದ್ದ.

ಅವರು ತೀರಿಕೊಂಡ ವರ್ಷದೊಳಗೇ ಮನೆ ಪಾಲಾಯಿತು. ಒಬ್ಬರು ಹೊಸದುರ್ಗಕ್ಕೆ, ಇನ್ನೊಬ್ಬರು ಹಿರಿಯೂರಿಗೆ. ಜಗಲಿಯ ನಡುವೆ ಮೊಣಕಾಲೆತ್ತರದ ಇಟ್ಟಿಗೆ ಗೋಡೆ.

ಹೋದ ವರ್ಷ ಚಿಕ್ಕಪ್ಪ ಸಕ್ಕರೆ ಕಾಯಿಲೆಗೆಂದು ಚಿತ್ರದುರ್ಗದಲ್ಲಿ ರಕ್ತ ಕೊಟ್ಟ. ಸಕ್ಕರೆ ಸರಿಯಿತ್ತು, ಬಿಳಿರಕ್ತಕಣಗಳ ಲೆಕ್ಕ ತಪ್ಪಿತ್ತು. ಬೆಂಗಳೂರಿಗೆ ಹೋದೆವು. ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. 13ನೇ ಕ್ರೋಮೋಸೋಮಿನಲ್ಲಿ ಒಂದು ಚೂರು ಕಾಣೆ.

"ಆ ಚೂರಲ್ಲಿ ಏನಿತ್ತು ಡಾಕ್ಟ್ರೇ?"

"ಎರಡು ಪುಟ್ಟ ಆರ್‌ಎನ್‌ಎ. ಪ್ರೋಟೀನ್ ಮಾಡೋವಲ್ಲ."

"ಕೆಲಸಕ್ಕೆ ಬಾರದ್ದು ತಾನೆ? ಹೋಗ್ಲಿ ಬಿಡಿ."

ಡಾಕ್ಟರು ನಕ್ಕರು. ಚಿಕ್ಕಪ್ಪನ ಈ ಅಭಿಪ್ರಾಯ ವಿಜ್ಞಾನದಲ್ಲೂ ಬಹುಕಾಲ ಚಾಲ್ತಿಯಲ್ಲಿತ್ತು ಎಂದು ಆಮೇಲೆ ಓದಿ ತಿಳಿದೆ. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನಿಗೆ ಬೇಕಾದ ಬರಹ ಶೇ. 2ರಷ್ಟೂ ಇಲ್ಲವಂತೆ, ಮಿಕ್ಕದ್ದನ್ನು ಸುಸುಮು ಓನೋ 1972ರಲ್ಲಿ ಕಸದ ಲೆಕ್ಕಕ್ಕೆ ಹಾಕಿದ್ದರು. 1993ರಲ್ಲಿ ಒಂದು ಯಃಕಶ್ಚಿತ್ ಹುಳುವಿನಲ್ಲಿ 22 ಅಕ್ಷರದ ಆರ್‌ಎನ್‌ಎ ತುಣುಕೊಂದು ದೊಡ್ಡ ಜೀನಿನ ಬಾಯಿ ಮುಚ್ಚಿಸುವುದು ಕಂಡಿತು. ಕಂಡ ಆಂಬ್ರೋಸ್, ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ನಮ್ಮ ಜಕ್ಕೂರಿನಲ್ಲೇ ಎಂ.ಆರ್.ಎಸ್. ರಾವ್ ಇಂಥ ಪ್ರೋಟೀನ್ ಮಾಡದ ಆರ್‌ಎನ್‌ಎಯೊಂದರ ಬೆನ್ನು ಹತ್ತಿ ವರ್ಷಗಳನ್ನೇ ಕಳೆದರು.

ಚಿಕ್ಕಪ್ಪನ ಆ ಎರಡರ ಹೆಸರು ಮಿರ್-15, ಮಿರ್-16. ಈ ಕ್ಯಾನ್ಸರಿನಲ್ಲಿ ಅವು ನಾಪತ್ತೆಯಾಗುತ್ತವೆಂದು 2002ರಲ್ಲಿ ಕ್ಯಾಲಿನ್, ಕ್ರೋಚೆ ತಂಡ ತೋರಿಸಿತು. ಅವಿದ್ದರೆ ಬಿಸಿಎಲ್-2 ಎಂಬ ಪ್ರೋಟೀನು ಹದ್ದುಬಸ್ತಿನಲ್ಲಿರುತ್ತದೆ. ಇಲ್ಲದಿದ್ದರೆ ಅದು ಸಾಯಬೇಕಾದ ಕಣಗಳನ್ನೂ ಹಿಡಿದು ಕೂರಿಸುತ್ತದೆ. ಹಬ್ಬ ಮುಗಿದರೂ ಹೊರಡದ ನೆಂಟರ ಹಾಗೆ ಅವು ರಕ್ತದ ತುಂಬ.

ಸದ್ಯ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬನ್ನಿ ಅಂದರು. ಔಷಧಿ ಕೊಡದ ಡಾಕ್ಟ್ರಿಗೆ ಫೀಸ್ ಯಾಕೆ ಕೊಟ್ಟೆ ಎಂದು ಬಸ್ಸು ಹಿರಿಯೂರು ದಾಟುವವರೆಗೂ ನನ್ನನ್ನು ಬೈದ. ಆಮೇಲೆ ಕೇಳಿದ: "ಆ ಎರಡನ್ನ ತಿರುಗಿ ಹಾಕೋಕಾಗಲ್ವಂತಾ?"

"ಇನ್ನೂ ಇಲ್ಲ ಚಿಕ್ಕಪ್ಪ."

ಮನೆ ತಲುಪಿದೆವು. ಎಣ್ಣೆ ಕಲೆಯ ಗೋಡೆ ಹೊಸದುರ್ಗದವರ ಪಾಲಿಗೆ ಹೋಗಿತ್ತು. ಅವರ ಬಾಗಿಲಿಗೆ ಬೀಗ. ಚಿಕ್ಕಪ್ಪ ಚಪ್ಪಲಿ ಬಿಟ್ಟು, ಇಟ್ಟಿಗೆ ಗೋಡೆ ದಾಟಿ ಆ ಕಡೆ ಕೂತ. ಕಲೆಗೆ ತಲೆ ತಾಗದಂತೆ ಒಂದು ಗೇಣು ಸರಿದು.